ಬೆಲೆಪಟ್ಟಿ ಇಲ್ಲದ ತೋಟ: ಒಂಬತ್ತನೇ ತರಗತಿಗೆ ಒಂದು ಪೂರಕ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ, ಸಮಾಜ ವಿಜ್ಞಾನದ ಕೃಷಿ ಘಟಕಕ್ಕೆ ಪೂರಕವಾಗಿ ಎರಡು ಅವಧಿಗಳ ಪಾಠ ಮಾಡಿದೆ. ವಿಷಯ ಸಾವಯವ ಸಮುದಾಯ ತೋಟ. ಸಾವಯವ ಎಂದೊಡನೆ ನಮ್ಮ ಪಾಠಯೋಜನೆಗಳಲ್ಲಿ ‘ರಾಸಾಯನಿಕ ಗೊಬ್ಬರ ಬೇಡ, ಕೀಟನಾಶಕ ಬೇಡ’ ಎಂಬ ಪಟ್ಟಿ ಬರುತ್ತದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಟೊಮೆಟೊ ಬೆಳೆಯುವ ಮನೆಗಳ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ, ನಷ್ಟವಾದರೆ ಹೊರುವವರು ಯಾರು ಎಂಬುದು. ಪಾಠವನ್ನು ಅದರ ಸುತ್ತ ಕಟ್ಟಿದೆ.

ನಿದರ್ಶನಕ್ಕೆ ಆರಿಸಿಕೊಂಡದ್ದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಟೆಂಪಲ್-ವಿಲ್ಟನ್ ಸಮುದಾಯ ತೋಟ. ಟ್ರಾಗರ್ ಗ್ರೋ, ಲಿಂಕನ್ ಗೈಗರ್, ಆಂಥೊನಿ ಗ್ರಹಾಂ ಎಂಬ ಮೂವರು ರೈತರು ಸುತ್ತಲಿನ ಕುಟುಂಬಗಳೊಡನೆ ಸೇರಿ 1986ರಲ್ಲಿ ಆರಂಭಿಸಿದ್ದು. ಹಸುಗಳೂ ತರಕಾರಿಯೂ ಒಂದೇ ತೋಟದಲ್ಲಿ. ಸಗಣಿ ಗೊಬ್ಬರವಾಗಿ ಮಡಿಗೆ ಹೋಗುತ್ತದೆ. ‘ನಮ್ಮಜ್ಜಿ ಕಾಲದ ಬೇಸಾಯ ಅಲ್ವಾ ಮಿಸ್’ ಎಂದಿತು ಹಿಂದಿನ ಬೆಂಚು.

ಆ ತೋಟದ ಬಯೋಡೈನಾಮಿಕ್ ಪದ್ಧತಿ 1924ರಲ್ಲಿ ರುಡಾಲ್ಫ್ ಸ್ಟೈನರ್ ನೀಡಿದ ಉಪನ್ಯಾಸಗಳಿಂದ ಹುಟ್ಟಿದ್ದು. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಿನಲ್ಲಿ ಹೂತಿಡುತ್ತಾರೆ. ಹೊರತೆಗೆದ ಗೊಬ್ಬರವನ್ನು ಒಂದಿಷ್ಟೇ ತೆಗೆದುಕೊಂಡು ನೀರಿನಲ್ಲಿ ಒಂದು ಗಂಟೆ ಕಲಕಿ ಹೊಲಕ್ಕೆ ಚಿಮುಕಿಸುತ್ತಾರೆ. ತರಗತಿ ನಕ್ಕಿತು. ಕಪ್ಪುಹಲಗೆಯಲ್ಲಿ ‘ಅಳೆದು ನೋಡಿದ್ದು’, ‘ನಂಬಿಕೊಂಡದ್ದು’ ಎಂದು ಎರಡು ಕಲಂ ಹಾಕಿದೆ. ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ನಡೆದಿರುವ ಪ್ರಯೋಗದ 21 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಬಯೋಡೈನಾಮಿಕ್ ಸೇರಿದಂತೆ ಸಾವಯವ ತಾಕುಗಳಲ್ಲಿ ಇಳುವರಿ ಸುಮಾರು ಶೇ. 20 ಕಡಿಮೆ, ಆದರೆ ಗೊಬ್ಬರ ಮತ್ತು ಇಂಧನದ ಬಳಕೆ ಶೇ. 34ರಿಂದ 53ರಷ್ಟು ಕಡಿಮೆ, ಮಣ್ಣಿನ ಫಲವತ್ತತೆ ಹೆಚ್ಚು. ಇದು ಮೊದಲ ಕಲಂಗೆ. ಕೊಂಬಿನ ಗೊಬ್ಬರವೊಂದೇ ಏನು ಮಾಡಿತೆಂದು ಈ ಲೆಕ್ಕದಿಂದ ತಿಳಿಯುವುದಿಲ್ಲ. ಅದು ಆಕಾಶದ ಶಕ್ತಿಯನ್ನು ಸೆಳೆಯುತ್ತದೆಂಬ ಮಾತು ಎರಡನೇ ಕಲಂಗೆ. ಜೀವಾಮೃತ ಯಾವ ಕಲಂ ಎಂದು ಒಬ್ಬ ಕೇಳಿದಾಗ ನಗು ನಿಂತಿತು. ಇಂಥಲ್ಲಿ ಶಿಕ್ಷಕರು ಗೇಲಿ ಮಾಡುವುದೂ ಸಲ್ಲದು, ಪ್ರಚಾರಕ್ಕಿಳಿಯುವುದೂ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಎರಡನೇ ಅವಧಿ ಪೂರ್ತಿ ಚಟುವಟಿಕೆಗೆ. ಆ ತೋಟದಲ್ಲಿ ತರಕಾರಿಗೆ ಬೆಲೆ ಕಟ್ಟುವುದಿಲ್ಲ. ರೈತರು ವರ್ಷದ ಖರ್ಚನ್ನು ಸಭೆಯ ಮುಂದಿಡುತ್ತಾರೆ. ಪ್ರತಿ ಕುಟುಂಬ ತನ್ನ ಶಕ್ತಿಗೆ ತಕ್ಕ ಮೊತ್ತವನ್ನು ಒಪ್ಪಿಕೊಳ್ಳುತ್ತದೆ, ಅಗತ್ಯಕ್ಕೆ ತಕ್ಕಷ್ಟು ಒಯ್ಯುತ್ತದೆ. ಮೂವತ್ತು ಮಕ್ಕಳಲ್ಲಿ ಆರು ಮಂದಿ ರೈತರಾದರು, ಉಳಿದವರು ಇಪ್ಪತ್ತನಾಲ್ಕು ಕುಟುಂಬಗಳು. ವರಮಾನ, ಮನೆಮಂದಿ ಬರೆದ ಕಾರ್ಡು ಎಲ್ಲರಿಗೂ ಕೊಟ್ಟೆ. ರೈತರ ಕಲ್ಪಿತ ಖರ್ಚು ₹6,00,000. ಮೊದಲ ಸುತ್ತಿನಲ್ಲಿ ಸೇರಿದ್ದು ₹4,68,000. ‘ಚೀಟಿ ಕೂಗಿದ ಹಾಗಿದೆ’ ಎಂದರು ಯಾರೋ. ಬ್ಯಾಂಕ್ ನೌಕರನ ಕಾರ್ಡಿದ್ದವನು ಸರಾಸರಿಯಷ್ಟೇ, 25,000 ಬರೆದು ‘ಎಲ್ಲರಿಗೂ ಸಮ’ ಎಂದು ವಾದಿಸಿದ. ಐದು ಮಕ್ಕಳ ಕೂಲಿ ಕುಟುಂಬದವಳು 8,000 ಬರೆದಿದ್ದಳು. ಕಡಿಮೆ ಕೊಟ್ಟವಳು ಹೆಚ್ಚು ಒಯ್ಯಬಹುದೇ? ಹತ್ತು ನಿಮಿಷ ಇದೇ ಜಗಳ, ನಾನು ತಡೆಯಲಿಲ್ಲ. ಮೂರನೇ ಸುತ್ತಿಗೆ ಮೊತ್ತ ತುಂಬಿತು.

ಆಮೇಲೆ ಆಲಿಕಲ್ಲು ಮಳೆಯ ಕಾರ್ಡು ತೆಗೆದೆ: ಅರ್ಧ ಟೊಮೆಟೊ ಹೋಯಿತು. ಹಣ ವಾಪಸ್ ಕೇಳಬಹುದೇ? ‘ಕೇಳಂಗಿಲ್ಲ ಮಿಸ್. ದುಡ್ಡು ಟೊಮೆಟೊಗೆ ಕೊಟ್ಟಿದ್ದಲ್ಲ, ತೋಟಕ್ಕೆ ಕೊಟ್ಟಿದ್ದು’ ಎಂದಳು ಒಬ್ಬ ಹುಡುಗಿ. ಮಂಡಿಯಲ್ಲಿ ಬಾಕ್ಸಿನ ದರ ಬಿದ್ದರೆ ಕೀಳುವ ಕೂಲಿಯೂ ಹುಟ್ಟದೆಂದು ಬಲ್ಲ ಮಕ್ಕಳಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಲಿಲ್ಲ. ಆದರೆ ಹಿಂದಿನಿಂದ ಇನ್ನೊಂದು ಮಾತು ಬಂತು: ‘ನಮ್ಮೂರಲ್ಲಿ ಎಲ್ಲರೂ ರೈತರೇ. ದುಡ್ಡು ಕೊಡೋರು ಯಾರು?’ ಬೇಸಾಯದ ಹೊರಗಿನ ವರಮಾನವಿರುವ ಮನೆಗಳು ಹತ್ತಿರವಿಲ್ಲದೆ ಇಂಥ ತೋಟ ನಿಲ್ಲುವುದು ಕಷ್ಟ ಎಂದೆ. ತಾಲ್ಲೂಕು ಕೇಂದ್ರದ ನೌಕರರು, ಬೆಂಗಳೂರಿನ ಅಪಾರ್ಟ್‌ಮೆಂಟುಗಳು ಎಂದು ಪಟ್ಟಿ ಶುರುವಾಯಿತು. ಮಾರ್ಗದರ್ಶಕರು ಉಪಸಂಹಾರ ಬರೆಸಲು ಸೂಚಿಸಿದರು. ನಾನು ಪ್ರಶ್ನೆಯನ್ನೇ ಹಲಗೆಯ ಮೇಲೆ ಉಳಿಸಿದೆ.

ಮೌಲ್ಯಮಾಪನಕ್ಕೆ, ಮನೆಯ ಒಂದು ಬೆಳೆಯ ಖರ್ಚನ್ನು ಬರೆದು ತರಲು ಹೇಳಿದ್ದೆ. ಇಪ್ಪತ್ತಾರು ಮಂದಿ ತಂದರು. ಬೀಜ, ಔಷಧಿ, ಕೂಲಿ, ಬಾಡಿಗೆ ಎಲ್ಲ ಇತ್ತು. ಅಮ್ಮನ ದುಡಿಮೆಗೆ ಹಣ ಕಟ್ಟಿದವರು ಮೂವರೇ. ಉಳಿದ ಹಾಳೆಗಳನ್ನು ಒಂದು ಕಲಂ ಸೇರಿಸಿ ವಾಪಸ್ ಕಳುಹಿಸಿದೆ.