ವೈರಿ ಮುಂದ ಎಲ್ಲಿರತಾನ?

ಆಸ್ಟ್ರೇಲಿಯಾದ ಬ್ಲ್ಯಾಕ್ ಲ್ಯಾಬ್ ಗೇಮ್ಸ್ 2017ರಲ್ಲಿ ತಂದ ಬಾಹ್ಯಾಕಾಶ ಯುದ್ಧದ ಆಟ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಡೆಡ್‌ಲಾಕ್’. ಮನುಷ್ಯರಿಗೂ ಸೈಲಾನ್ ಯಂತ್ರಗಳಿಗೂ ನಡೆದ ಯುದ್ಧದ ಈ ಕಥೆಗೆ ಕೊನೆಯ ಕಂತು ‘ಆರ್ಮಿಸ್ಟಿಸ್’, ಅಂದ್ರ ಕದನವಿರಾಮ. ಅದು 2020ರಲ್ಲಿ ಬಂತು.

ಚದುರಂಗದಾಗ ಎದುರಾಳಿ ನಡೆ ನೋಡಿ ನಾವು ಕಾಯಿ ನಡಸ್ತೀವಿ. ಇಲ್ಲಿ ಹಂಗಲ್ಲ. ಇಬ್ಬರೂ ಮೊದಲೇ ಆಜ್ಞೆ ಕೊಡಬೇಕು. ಆಮೇಲೆ ಎರಡೂ ಪಡೆ ಒಮ್ಮೆಲೇ ಚಲಿಸುತ್ತವೆ. ಹಾಗಾಗಿ ವೈರಿ ಈಗ ಎಲ್ಲಿದ್ದಾನ ಅನ್ನೋದಕ್ಕಿಂತ, ಮುಂದ ಎಲ್ಲಿರತಾನ ಅನ್ನೋದೇ ಮುಖ್ಯ.

ದೊಡ್ಡ ಹಡಗು ಥಟ್ಟನೆ ತಿರುಗೋದಿಲ್ಲ. ಅಥಣಿ, ಕಾಗವಾಡ ಕಡೆ ಎರಡು ಟ್ರೇಲರ್ ಕಬ್ಬು ಎಳೆಯೋ ಟ್ರ್ಯಾಕ್ಟರ್ ನೋಡೀರಲ್ಲ? ತಿರುವು ಬರೋದಕ್ಕ ಮೊದಲೇ ಚಾಲಕ ವೇಗ ಇಳಿಸ್ತಾನ. ಭಾರ ಹೆಚ್ಚಿದಷ್ಟು ಜಡತ್ವ ಹೆಚ್ಚು. ಕೊನೇ ಕ್ಷಣದ ಆಜ್ಞೆ ಯಾರನ್ನೂ ಉಳಿಸೋದಿಲ್ಲ.

ನಾಳೆ ಯಂತ್ರಕ್ಕ ನಿಯಂತ್ರಣ ಬರೆಯೋ ನಾವೂ ಮೊದಲು ಕೇಳಬೇಕಾದ್ದು ಇದನ್ನೇ: ಆಜ್ಞೆ ಕೊಟ್ಟ ಮ್ಯಾಲ ಅದು ತಿರುಗಾಕ ಎಷ್ಟು ಹೊತ್ತು ಬೇಕು?