ಅಕ್ರಮವಾಗಿ ಪಡೆದ ಸಾಕ್ಷ್ಯ: ಬೆಲೆ ತೆರುವವರು ಯಾರು?

1964ರಲ್ಲಿ ಮುಂಬಯಿಯ ರೋಗಿಯೊಬ್ಬನು ಶಸ್ತ್ರಚಿಕಿತ್ಸೆಯ ತರುವಾಯ ಮೃತನಾದನು. ಅಸಹಜ ಮರಣಗಳ ವಿಚಾರಣೆ ನಡೆಸುತ್ತಿದ್ದ ನಗರದ ಕೊರೋನರ್, ಅನುಕೂಲಕರ ವರದಿ ನೀಡಲು ವೈದ್ಯರೊಬ್ಬರಿಂದ ಮೊದಲು 20,000 ರೂಪಾಯಿ, ಅನಂತರ 10,000 ರೂಪಾಯಿ ಕೇಳಿದರೆಂದು ದೂರು ಬಂದಿತು. ಪೊಲೀಸರು ಮಧ್ಯಸ್ಥರಾಗಿದ್ದ ಇನ್ನೊಬ್ಬ ವೈದ್ಯರ ಒಪ್ಪಿಗೆ ಪಡೆದು, ಅವರ ದೂರವಾಣಿಗೆ ಧ್ವನಿಮುದ್ರಣ ಯಂತ್ರವನ್ನು ಜೋಡಿಸಿದರು. ಇದು 1885ರ ತಂತಿ ಅಧಿನಿಯಮಕ್ಕೆ ವಿರುದ್ಧವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ ತಳ್ಳಿಹಾಕಿತು. ಸಾಕ್ಷ್ಯವು ಅಕ್ರಮವಾಗಿ ದೊರೆತಿದ್ದರೂ ಪ್ರಸ್ತುತವಾಗಿದ್ದರೆ ಗ್ರಾಹ್ಯವೆಂದೂ ಹೇಳಿತು.

ಈ ನಿಲುವಿನ ಹಿಂದೆ ಒಂದು ಆರ್ಥಿಕ ಲೆಕ್ಕಾಚಾರವನ್ನು ಕಾಣಬಹುದು. ಸತ್ಯವಾದ ಸಾಕ್ಷ್ಯವನ್ನು ಹೊರಗಿಟ್ಟರೆ ಅಪರಾಧಿಯು ಪಾರಾಗುವನು. ತಪ್ಪು ಮಾಡಿದವನು ಪೊಲೀಸ್ ಅಧಿಕಾರಿ, ನಷ್ಟ ಮಾತ್ರ ಸಮಾಜಕ್ಕೆ. ಸಣ್ಣ ಲೋಪಕ್ಕೂ ದೊಡ್ಡ ಲೋಪಕ್ಕೂ ಒಂದೇ ದಂಡ. ಆದುದರಿಂದಲೇ ಅಮೆರಿಕದ ರಿಚರ್ಡ್ ಪೋಸ್ನರ್, ಸಾಕ್ಷ್ಯವನ್ನು ತಿರಸ್ಕರಿಸುವುದಕ್ಕಿಂತ ನೊಂದವರಿಗೆ ಹಾನಿಗೆ ತಕ್ಕ ಪರಿಹಾರ ಕೊಡಿಸುವುದು ಲೇಸೆಂದು ವಾದಿಸಿದರು.

ವಾದವು ಸೊಗಸಾಗಿದೆ, ಆದರೆ ಪರಿಹಾರವು ನಿಜವಾಗಿಯೂ ದೊರೆತರೆ ಮಾತ್ರ. ದಂಡದ ಭಯವು ಅದರ ಪ್ರಮಾಣದ ಜೊತೆಗೆ ಅದು ಬೀಳುವ ಸಂಭವವನ್ನೂ ಅವಲಂಬಿಸುತ್ತದೆ ಎಂಬುದು ಅರ್ಥಶಾಸ್ತ್ರದ ಪಾಠ. ಚಾಳಿನಲ್ಲಿ ವಾಸಿಸುವ ದಿನಗೂಲಿಯವನು ತನ್ನ ಮನೆಯನ್ನು ಅಕ್ರಮವಾಗಿ ಶೋಧಿಸಿದ್ದಕ್ಕೆ ವರ್ಷಗಟ್ಟಲೆ ದಾವೆ ಹೂಡಿ ನಿಲ್ಲಬಲ್ಲನೇ? ದಾವೆಯೇ ಇಲ್ಲದಿದ್ದರೆ ಅಕ್ರಮ ಶೋಧನೆಯು ಅಧಿಕಾರಿಗೆ ಅಗ್ಗ, ಕ್ರಮಬದ್ಧ ತನಿಖೆ ದುಬಾರಿ. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು 1872ರ ಸಾಕ್ಷ್ಯ ಅಧಿನಿಯಮವು ನಿಷೇಧಿಸಿದ್ದೂ ಇಂತಹದೇ ಅಗ್ಗದ ದಾರಿಯನ್ನು ಮುಚ್ಚಲು ಎನ್ನಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ನಿಷೇಧವನ್ನು ಉಳಿಸಿಕೊಂಡಿದೆ.

ಸಾಕ್ಷ್ಯ ತಿರಸ್ಕಾರಕ್ಕೂ ಒಂದು ಮಿತಿಯಿದೆ, ಇದನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಶೋಧನೆಯಲ್ಲಿ ಏನೂ ಸಿಗದ ನಿರಪರಾಧಿಯ ಪ್ರಕರಣವು ನ್ಯಾಯಾಲಯವನ್ನೇ ತಲುಪುವುದಿಲ್ಲ. ಹೊರಗಿಡಲು ಅಲ್ಲಿ ಸಾಕ್ಷ್ಯವೇ ಇಲ್ಲ. ಅವನಿಗೆ ಪರಿಹಾರವೊಂದೇ ಗತಿ.

ಮುಂಬಯಿಯಲ್ಲಿಯೇ ಈ ಚರ್ಚೆಯು ಮತ್ತೆ ತಲೆಯೆತ್ತಿತು. ಬ್ಯಾಂಕ್ ಸಾಲದ ಸಂಬಂಧ ಲಂಚ ನೀಡಿದ ಆರೋಪ ಹೊತ್ತ ಉದ್ಯಮಿಯೊಬ್ಬರ ದೂರವಾಣಿಯನ್ನು ಆಲಿಸಲು 2009 ಮತ್ತು 2010ರಲ್ಲಿ ಮೂರು ಆದೇಶಗಳು ಹೊರಟಿದ್ದವು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿದ ಬಳಿಕ, 2019ರ ಅಕ್ಟೋಬರ್‌ನಲ್ಲಿ ವಿನೀತ್ ಕುಮಾರ್ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಆದೇಶಗಳನ್ನು ರದ್ದುಪಡಿಸಿತು. ಸಾರ್ವಜನಿಕ ತುರ್ತಾಗಲಿ ಸುರಕ್ಷತೆಯ ಪ್ರಶ್ನೆಯಾಗಲಿ ಅಲ್ಲಿರಲಿಲ್ಲವೆಂದು ಹೇಳಿ, ಮುದ್ರಿಕೆಗಳನ್ನು ನಾಶಪಡಿಸಲು ನಿರ್ದೇಶಿಸಿತು. 1972ರ ತೀರ್ಪಿನಲ್ಲಿ ಸಂಭಾಷಣೆಯ ಒಬ್ಬ ಪಕ್ಷಗಾರರ ಒಪ್ಪಿಗೆಯಿತ್ತು. ಇಲ್ಲಿ ಇಬ್ಬರಿಗೂ ತಿಳಿಯದಂತೆ ಸರ್ಕಾರವೇ ಕಿವಿಗೊಟ್ಟಿತ್ತು.