ರೈಲಿನ ಒತ್ತಡ ಕುಸಿದಾಗ: ಎರಡು ಬಾರಿ ಮಾಡಿದ ಒಂದು ಪಾಠ

ಐಟಿಐ ಡೀಸೆಲ್ ಮೆಕ್ಯಾನಿಕ್ ವಿಭಾಗದಲ್ಲಿ ನನ್ನ ಐದನೆಯ ಅಭ್ಯಾಸ ಪಾಠದ ಘಟಕ ‘ಕಾಮನ್ ರೈಲ್ ವ್ಯವಸ್ಥೆಯಲ್ಲಿ ಇಂಧನ ಒತ್ತಡದ ದೋಷ ಪತ್ತೆ’. ವರ್ಕ್‌ಶಾಪಿಗೆ ಬಂದಿದ್ದ ಹಳೆಯ ಬಾಡಿಗೆ ಕಾರೊಂದನ್ನೇ ಬೋಧನೋಪಕರಣವಾಗಿ ಆರಿಸಿಕೊಂಡೆ. ಬೆಳಿಗ್ಗೆ ತಣ್ಣಗಿದ್ದಾಗ ಅದು ಸ್ಟಾರ್ಟ್ ಆಗುತ್ತಿತ್ತು. ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಆಗುತ್ತಿರಲಿಲ್ಲ. ಸ್ಕ್ಯಾನರಿನಲ್ಲಿ ಬಂದ ಕೋಡ್ ಪಿ0087, ಅಂದರೆ ರೈಲಿನಲ್ಲಿ ಒತ್ತಡ ಕಡಿಮೆ. ಮಾಲೀಕರು ಆಗಲೇ ಬೇರೆ ಕಡೆ ಪ್ರೆಶರ್ ಸೆನ್ಸರ್ ಬದಲಾಯಿಸಿ ಹಣ ಕಳೆದುಕೊಂಡಿದ್ದರು.

ನನ್ನ ಪಾಠ ಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ: ಹೈ ಪ್ರೆಶರ್ ಪಂಪ್ ಸವೆದಿದೆ’ ಎಂದು ಬರೆದಿದ್ದೆ. ಯಾವ ಅಳತೆಯನ್ನೂ ಮಾಡದೆ ಬರೆದದ್ದು. ಪೀಠಿಕೆಯಲ್ಲೇ ಕೋಡನ್ನು ಕಪ್ಪುಹಲಗೆಯ ಮೇಲೆ ಬರೆದು, “ಒತ್ತಡ ಹುಟ್ಟಿಸುವ ಭಾಗ ಯಾವುದು?” ಎಂದೆ. “ಪಂಪ್ ಸರ್” ಎಂದಿತು ಇಡೀ ತರಗತಿ. ಪಾಠ ಚೆನ್ನಾಗಿ ಸಾಗುತ್ತಿದೆ ಎಂದುಕೊಂಡೆ. ಭಾನುವಾರ ಮಾವನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಎದ್ದು, “ಪಂಪ್ ಹೋಗಿದ್ರೆ ಬೆಳಿಗ್ಗೆ ಹೇಗೆ ಸ್ಟಾರ್ಟ್ ಆಗುತ್ತೆ ಸರ್?” ಎಂದ. “ಅದನ್ನ ಆಮೇಲೆ ನೋಡೋಣ” ಎಂದುಬಿಟ್ಟೆ. ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕರು ಬರೆದದ್ದು ಎರಡೇ ಪದ: “ಆಮೇಲೆ ಯಾವಾಗ?”

ಸವೆದ ಪಂಪೂ ಬಿಸಿಯಲ್ಲಿಯೇ ಸೋಲಬಹುದು. ಹುಡುಗನ ಪ್ರಶ್ನೆಯಿಂದ ಪಂಪ್ ಸರಿಯಿದೆ ಎಂದು ಸಾಬೀತಾಗುವುದಿಲ್ಲ. ಆದರೆ ಬಿಸಿ ಡೀಸೆಲ್ ತೆಳುವಾಗುತ್ತದೆ, ಸಣ್ಣ ಸಂದಿಯಲ್ಲೂ ಹೆಚ್ಚು ಸೋರುತ್ತದೆ. ಆ ಸಂದಿ ಎಲ್ಲಿದೆ ಎಂದು ಹುಡುಕುವುದೇ ಪಾಠವಾಗಬೇಕಿತ್ತು. ಅದನ್ನು ನಾನು ಮಕ್ಕಳ ಕೈಯಿಂದ ಕಿತ್ತುಕೊಂಡಿದ್ದೆ.

ಮರುಪಾಠದಲ್ಲಿ ಕೋಡನ್ನು ಬದಿಗಿಟ್ಟೆ. ಪ್ರತಿ ಅಳತೆಗೆ ಮುಂಚೆ, ತಮ್ಮ ಊಹೆ ನಿಜವಾದರೆ ಏನು ಕಾಣಬೇಕೆಂದು ಪುಸ್ತಕದಲ್ಲಿ ಬರೆಯಲು ಹೇಳಿದೆ. ಎಂಜಿನ್ ಬಹಳ ಹೊತ್ತು ನಿಂತಿದ್ದಾಗ ಕೀ ಹಾಕಿ ನೋಡಿದರೆ ರೈಲ್ ಒತ್ತಡ ಹೆಚ್ಚುಕಡಿಮೆ ಸೊನ್ನೆ. ಸೆನ್ಸರ್ ಮೇಲಿನ ಅನುಮಾನ ಅಲ್ಲಿಗೆ ತಗ್ಗಿತು. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ ಸ್ಟಾರ್ಟರ್ ತಿರುಗಿಸಿದಾಗ 90 ಬಾರ್, ಅದಕ್ಕಿಂತ ಮೇಲೇರಲಿಲ್ಲ. ಇಂಥ ಎಂಜಿನ್‌ಗಳಲ್ಲಿ ಸುಮಾರು 200 ಬಾರ್ ಬಾರದೆ ಇಂಜೆಕ್ಟರ್ ತೆರೆಯಲು ಇಸಿಯು ಬಿಡುವುದಿಲ್ಲ. ಫಿಲ್ಟರಿನಿಂದ ಪಂಪಿಗೆ ಬರುವ ದಾರಿಯಲ್ಲಿ ಪಾರದರ್ಶಕ ಕೊಳವೆ ಜೋಡಿಸಿದೆವು. ಗಾಳಿಗುಳ್ಳೆ ಇಲ್ಲ, ಹರಿವು ಸರಿ.

ಆಮೇಲೆ ನಾಲ್ಕು ಇಂಜೆಕ್ಟರುಗಳ ರಿಟರ್ನ್ ಕೊಳವೆಗಳನ್ನು ನಾಲ್ಕು ಬಾಟಲಿಗಳಿಗೆ ಬಿಟ್ಟೆವು. ಸ್ಟಾರ್ಟರ್ ತಿರುಗುತ್ತಿದ್ದಂತೆ ಮೂರನೆಯದರಲ್ಲಿ ಬೆರಳೆತ್ತರ ಡೀಸೆಲ್ ತುಂಬಿತು, ಉಳಿದವುಗಳ ತಳ ಮಾತ್ರ ಒದ್ದೆ. (ಬ್ಯಾಟರಿಗೆ ಚಾರ್ಜರ್ ಹಾಕಿಡಿ, ತಿರುಗುವ ವೇಗ ಇಳಿದರೆ ಒತ್ತಡದ ಅಂಕಿಯನ್ನು ನಂಬುವಂತಿಲ್ಲ.) “ರೈಲಿನ ವಾಲ್ವೂ ಸೋರಬಹುದಲ್ವಾ ಸರ್?” ಎಂದಳು ಹಿಂದಿನ ಸಾಲಿನ ಹುಡುಗಿ. ಯೋಜನೆಯಲ್ಲಿ ಇರದ ಪ್ರಶ್ನೆ. ಈ ಬಾರಿ ‘ಆಮೇಲೆ’ ಎನ್ನಲಿಲ್ಲ. ವಾಲ್ವಿನ ರಿಟರ್ನ್ ಬಿಚ್ಚಿ ನೋಡಿದೆವು. ನಾಲ್ಕು ಹನಿ, ಅಷ್ಟೆ.

ಇನ್ನು ಖಚಿತಪಡಿಸುವುದು. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪನ್ನು ಎಂದಿಗೂ ಸಡಿಲಿಸಬಾರದು. ಆ ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ನಟ್ ಸಡಿಲಿಸಿ ನೋಡುವ ಅಭ್ಯಾಸ ಇನ್ನೂ ಇರುವುದರಿಂದ ಇದಕ್ಕೆ ಹತ್ತು ನಿಮಿಷ ಕೊಟ್ಟೆ, ಕಡಿಮೆಯಾಯಿತು ಅನ್ನಿಸುತ್ತದೆ. ಒತ್ತಡ ಸೊನ್ನೆಗಿಳಿದದ್ದನ್ನು ಸ್ಕ್ಯಾನರಿನಲ್ಲಿ ನೋಡಿದ ಮೇಲೆ ಮೂರನೆಯ ಪೈಪ್ ಬಿಚ್ಚಿ, ರೈಲಿನ ಆ ಬಾಯಿಗೆ ಮುಚ್ಚಳ ಬಿಗಿದೆವು. ಮತ್ತೆ ತಿರುಗಿಸಿದರೆ 280 ಬಾರ್. ಬಿಸಿ ಎಂಜಿನ್ ಮೂರೇ ಸಿಲಿಂಡರಿನಲ್ಲಿ ನಡುಗುತ್ತ ಸ್ಟಾರ್ಟ್ ಆಯಿತು. ಪಂಪ್ ಸರಿಯಿತ್ತು.

ನನ್ನ ‘ನಿರೀಕ್ಷಿತ ಉತ್ತರ’ವನ್ನು ತರಗತಿಯ ಮುಂದೆಯೇ ಓದಿ ಹೊಡೆದುಹಾಕಿದೆ. ನಗು ಬಂತು, ಜತೆಗೆ ತಮ್ಮ ತಪ್ಪು ಊಹೆಗಳನ್ನು ಅಳಿಸುತ್ತಿದ್ದವರು ರಬ್ಬರ್ ಕೆಳಗಿಟ್ಟರು.

40 ನಿಮಿಷದ ಪಾಠಕ್ಕೆ 80 ನಿಮಿಷ ಹಿಡಿಯಿತು. ಇದನ್ನು ಬೋಧಿಸುವವರು ಎರಡು ಅವಧಿಗಳನ್ನು ಒಟ್ಟಿಗೆ ಕೇಳಿ ಪಡೆಯುವುದು ಒಳ್ಳೆಯದು. ಹೊಸ ಇಂಜೆಕ್ಟರಿನ ಮೇಲಿರುವ ಕೋಡನ್ನು ಇಸಿಯುಗೆ ದಾಖಲಿಸುವ ಕೆಲಸವನ್ನು ಮುಂದಿನ ಪಾಠಕ್ಕೆ ಉಳಿಸಿದ್ದೇನೆ.